ಬಿಳಿ ಪುಡಿಯ ಡಬ್ಬಿ

ನನ್ನ ಜಾಗಕ್ಕೆ ಈಗ ಪವಿತ್ರ ಎಂಬ ಹುಡುಗಿ ಬಂದಿದ್ದಾಳೆ. ಕೃಷಿ ಡಿಪ್ಲೊಮಾ ಮಾಡಿದವಳು, ಚುರುಕು. ಕೆಲಸಕ್ಕೆ ಸೇರಿದ ಮೊದಲ ವಾರವೇ ಫೋನ್ ಮಾಡಿ, ಅಂಕಲ್, ನಿಮ್ಮ ಹಳೇ ಚೀಲದಲ್ಲಿ ಒಂದು ಡಬ್ಬಿ ಇದೆಯಲ್ಲ, ಅದರ ಮೇಲೆ ಯಾಕೆ ಅಷ್ಟು ದೊಡ್ಡದಾಗಿ ಬರೆದಿದ್ದೀರಿ ಎಂದು ಕೇಳಿದಳು. ಡಬ್ಬಿಯ ಮೇಲೆ ಕೆಂಪು ಪೇಂಟಿನಲ್ಲಿ, ಕುರುಡರಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ, 'ಮೊಟ್ಟೆ ಸಿಪ್ಪೆ ಪುಡಿ' ಎಂದು ಬರೆದಿದೆ. ಅದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ, ಬರೆದುಕೊಡುತ್ತೇನೆ ಅಂದೆ. ರಿಟೈರ್ ಆದವನಿಗೆ ಬೇರೆ ಕೆಲಸವೇನಿದೆ.

ವಿಷಯ ಇಷ್ಟು. ಆ ಪುಡಿಯಿಂದ ನಾನು ಗುಬ್ಬಿಯಲ್ಲಿ ಒಬ್ಬ ಹೆಂಗಸಿನ ಪೂಜೆಯನ್ನು ಕೆಡಿಸಿದೆ. ಕೆಡಿಸಿದ್ದು ಅವರಿಗೆ ಗೊತ್ತಿರಲಿಲ್ಲ, ನನಗೊಬ್ಬನಿಗೇ ಗೊತ್ತಿತ್ತು. ಹೇಳುವುದೋ ಬಿಡುವುದೋ ಎಂದು ಒದ್ದಾಡಿದ ಆ ದಿನಗಳೇ ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಲೆಕ್ಕಕ್ಕೆ ಬರುವ ದಿನಗಳು. ಮಿಕ್ಕದ್ದು ಹುಳ, ಸಗಣಿ, ಬಸ್ಸು.

ನನ್ನ ಹೆಸರು ಮಹಬೂಬ್. ತುಮಕೂರಿನಲ್ಲೇ ಹುಟ್ಟಿ ಬೆಳೆದವನು. ಅಪ್ಪ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಸ್ಟೀಲ್ ಬಂತು, ಕಲಾಯಿ ಹೋಯಿತು. ನಾನು ತಗಡಿನ ಕೆಲಸ, ಡ್ರಮ್ಮಿಗೆ ನಲ್ಲಿ ಕೂರಿಸುವ ಕೆಲಸ ಮಾಡಿಕೊಂಡಿದ್ದೆ. ಒಂದು ದಿನ ಯಾವುದೋ ಸಂಸ್ಥೆಯವರು ಬಂದು ನಲವತ್ತು ಪ್ಲಾಸ್ಟಿಕ್ ಡ್ರಮ್ಮುಗಳಿಗೆ ತಳದಲ್ಲೂ ಪಕ್ಕದಲ್ಲೂ ತೂತು ಕೊರೆಸಿಕೊಂಡರು. ಒಳ್ಳೆ ಡ್ರಮ್ಮುಗಳನ್ನು ಯಾಕೆ ಹಾಳು ಮಾಡ್ತೀರಿ ಎಂದು ಕೇಳಿದೆ. ಮನೆಮನೆಯಲ್ಲಿ ಎರೆಹುಳು ಸಾಕಿ ಅಡುಗೆಮನೆ ಕಸವನ್ನು ಗೊಬ್ಬರ ಮಾಡಿಸ್ತೀವಿ ಅಂದರು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೂರು ತಿಂಗಳು ಕಳೆಯುವುದರಲ್ಲಿ ಅದೇ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ.

ಮನೆಗೆ ಡ್ರಮ್ ಕೂರಿಸುವುದು, ಹುಳ ಬಿಡುವುದು, ತಿಂಗಳಿಗೊಮ್ಮೆ ಹೋಗಿ ಮುಚ್ಚಳ ತೆಗೆದು ನೋಡುವುದು, ಇದು ನನ್ನ ಕೆಲಸ. ಗುರುವಾರ ಗುಬ್ಬಿ, ಶನಿವಾರ ಕುಣಿಗಲ್, ಉಳಿದ ದಿನ ತುಮಕೂರು. ಆರು ತಿಂಗಳಲ್ಲಿ ನನ್ನ ಹೆಸರು ಎಲ್ಲರಿಗೂ ಮರೆತುಹೋಯಿತು. ಮೂರು ಊರಿನಲ್ಲೂ ನಾನು 'ಹುಳದ ಸಾಬ್ರು'. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ನಾನೇ ಫೋನಿನಲ್ಲಿ, ನಾನಮ್ಮಾ, ಹುಳದ ಸಾಬ್ರು, ಎನ್ನತೊಡಗಿದೆ.

ಮೊದಲ ವರ್ಷದ ದೊಡ್ಡ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ, ಪವಿತ್ರ ನಗಲಿ. ಸಂಸ್ಥೆ ಕೊಟ್ಟ ಹುಳ ಸಾಲದೆ ಬಂತು. ಹುಳ ಅಂದರೆ ಹುಳ ತಾನೇ ಅಂದುಕೊಂಡು, ಮಳೆ ಬಿದ್ದ ಮಾರನೇ ದಿನ ಹೆಬ್ಬೂರಿಗೆ ಹೋಗಿ, ಪರಿಚಯದ ರೈತನೊಬ್ಬನ ರಾಗಿ ಹೊಲದ ಬದುವಿನಲ್ಲಿ ಅಗೆದು ಒಂದು ಬಕೆಟ್ ಹುಳ ತಂದೆ. ಒಂದೊಂದೂ ಗೇಣುದ್ದ, ದಪ್ಪ. ಸಂಸ್ಥೆಯ ಬಡಕಲು ಕೆಂಪು ಹುಳಕ್ಕಿಂತ ಇವೇ ವಾಸಿ ಎಂದು ಹೆಮ್ಮೆಯಿಂದ ಹನ್ನೆರಡು ಮನೆಗೆ ಹಂಚಿದೆ. ಮೂರನೇ ದಿನದಿಂದ ಫೋನು. ಹುಳಗಳು ತೂತುಗಳಿಂದ ಹೊರಬಿದ್ದು ಅಂಗಳ ದಾಟಿ ಮೆಟ್ಟಿಲು ಹತ್ತುತ್ತಿದ್ದವು. ಒಂದು ಮನೆಯಲ್ಲಿ ಬೆಳಿಗ್ಗೆ ಹಾಕಿದ ರಂಗೋಲಿಯ ಮೇಲೆ ಮೂರು ಹುಳ ಬಿದ್ದಿದ್ದವಂತೆ. ಆ ಮನೆಯಾಕೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, “ಏನ್ ಸಾಬ್ರೇ, ನಿಮ್ ಹುಳಕ್ಕೆ ನಮ್ಮನೆ ಊಟ ಸೇರ್ಲಿಲ್ವಾ?” ಎಂದರು.

ಸೇರುವುದಿಲ್ಲ. ಹೊಲದ ಹುಳ ಮಣ್ಣಿನ ಆಳದಲ್ಲಿ ಇರುವಂಥದ್ದು, ಅದಕ್ಕೆ ಮಣ್ಣು ಬೇಕು. ಡ್ರಮ್ಮಿಗೆ ಬೇಕಾದದ್ದು ಕೊಳೆತದ್ದರ ಮಧ್ಯೆ ಮೇಲುಮೇಲೆಯೇ ಬದುಕುವ ಆ ಬಡಕಲು ಕೆಂಪು ಹುಳ. ಡಿಪ್ಲೊಮಾ ಕಾಗದ ಹಿಡಿದು ಬರುವವರು ಇದನ್ನು ಓದಿಕೊಂಡೇ ಬಂದಿರುತ್ತಾರೆ. ನಾನು ಹನ್ನೆರಡು ಮನೆಯ ಮೆಟ್ಟಿಲು ತೊಳೆದು ಕಲಿತೆ.

ನಮ್ಮ ಮೇಲಿನವರು ರಂಗಧಾಮಯ್ಯ ಸಾರ್. ಕೆಟ್ಟ ಮನುಷ್ಯ ಅಲ್ಲ. ಆದರೆ ಹುಳದ ಮೇಲೆ ಇದ್ದುದಕ್ಕಿಂತ ಡ್ರಮ್ಮಿನ ಮೇಲೆ ಪ್ರೀತಿ ಜಾಸ್ತಿ. ಒಮ್ಮೆ ಯಾರೋ ದೊಡ್ಡವರು ನೋಡಲು ಬರುತ್ತಾರೆಂದು ಒಂದು ಬೀದಿಯ ಅಷ್ಟೂ ಡ್ರಮ್ಮುಗಳಿಗೆ ಹಸಿರು ಬಣ್ಣ ಹೊಡೆಸಿದರು. ಬಣ್ಣದವನು ಶ್ರದ್ಧೆಯ ಆಸಾಮಿ, ಒಂದು ತೂತನ್ನೂ ಬಿಡದೆ ಮುಚ್ಚಿಕೊಂಡು ಹೋದ. ಬಂದವರು ಫೋಟೋ ತೆಗೆಸಿಕೊಂಡು ಹೋದರು. ಗಾಳಿಯಿಲ್ಲದೆ ಎಲ್ಲ ಡ್ರಮ್ಮುಗಳೂ ನಾರಿದವು. ದಬ್ಬಳ ಹಿಡಿದು ಮನೆಮನೆಗೆ ಹೋಗಿ ಒಂದೊಂದೇ ತೂತು ಬಿಡಿಸಿದವನು ನಾನು. ಸಾರ್ ಪಕ್ಕದಲ್ಲಿ ನಿಂತು, ಬಣ್ಣ ಕೆಡದ ಹಾಗೆ ಚುಚ್ಚಿ ಎನ್ನುತ್ತಿದ್ದರು.

ಹೊಸಬರು ತಿಳಿಯಬೇಕಾದದ್ದು ಬಹಳ ಇಲ್ಲ. ನೆರಳಿನಲ್ಲಿ ಇಡಿ. ಡ್ರಮ್ ಕೂರಿಸಿದ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡಿ, ಇರುವೆ ಹತ್ತುವುದಿಲ್ಲ. ತಳಕ್ಕೆ ತೆಂಗಿನ ನಾರಿನ ಪುಡಿ, ಒಣ ಎಲೆ, ಹಳೇ ಸಗಣಿ. ಹಸಿ ಸಗಣಿ ಹಾಕಿದರೆ ಕಾವು ಏರಿ ಹುಳ ಬೆಂದುಹೋಗುತ್ತವೆ. ಒಂದು ಹಿಡಿ ತೆಗೆದು ಮುಷ್ಟಿ ಬಿಗಿದರೆ ಬೆರಳ ಸಂದಿನಲ್ಲಿ ಒಂದೆರಡು ಹನಿ ಬರಬೇಕು. ಹನಿ ಬರದಿದ್ದರೆ ನೀರು ಚಿಮುಕಿಸಿ, ಧಾರೆ ಬಂದರೆ ಒಣ ಎಲೆ ಸೇರಿಸಿ. ಉಪ್ಪು, ಎಣ್ಣೆ, ಖಾರ, ನಿಂಬೆ, ಈರುಳ್ಳಿ ಬೇಡ. ಈಗ ಎಲ್ಲರೂ ವಾಟ್ಸಾಪಿನಲ್ಲಿ ಫೋಟೋ ಕಳಿಸಿ, ಸರಿ ಇದೆಯಾ ಸಾರ್ ಎಂದು ಕೇಳುತ್ತಾರೆ. ಫೋಟೋದಲ್ಲಿ ವಾಸನೆ ಬರುವುದಿಲ್ಲ. ಈ ಕೆಲಸದಲ್ಲಿ ಮೂಗೇ ಮೇಸ್ತ್ರಿ. ಹೋಗಿ ಮೂಸಿ ನೋಡಬೇಕು.

ಇನ್ನು ಬಿಳಿ ಪುಡಿ. ಡ್ರಮ್ ಹುಳಿಯಾದರೆ ಹುಳಗಳು ತಿನ್ನುವುದು ಬಿಟ್ಟು ಮುಚ್ಚಳಕ್ಕೆ ಹತ್ತಿ ಕೂರುತ್ತವೆ. ಹುಳಿ ಮುರಿಯಲು ಮೊಟ್ಟೆ ಸಿಪ್ಪೆಯನ್ನು ನುಣ್ಣಗೆ ಪುಡಿ ಮಾಡಿ ಉದುರಿಸಿ ಎಂದು ಸಂಸ್ಥೆಯ ಇಂಗ್ಲಿಷ್ ಪುಸ್ತಕದಲ್ಲಿತ್ತು. ನನ್ನ ಹೆಂಡತಿ ಶಮೀಮಳ ತಮ್ಮ ಸಂಜೆ ಹೊತ್ತು ಎಗ್ ರೈಸ್ ಗಾಡಿ ಇಡುತ್ತಾನೆ. ಸಿಪ್ಪೆಗೆ ಬರವಿಲ್ಲ. ಶಮೀಮ ಅದನ್ನು ತೊಳೆದು, ಮಹಡಿಯ ಮೇಲೆ ಒಣಗಿಸಿ, ಹಳೇ ಮಿಕ್ಸಿಯಲ್ಲಿ ಪುಡಿ ಮಾಡಿ ಡಬ್ಬಿಗೆ ತುಂಬಿಕೊಡುತ್ತಿದ್ದಳು. ಆಗ ಡಬ್ಬಿಯ ಮೇಲೆ ಏನೂ ಬರೆದಿರಲಿಲ್ಲ.

ಮನೆಯವರು ಇದೇನು ಎಂದು ಕೇಳಿದರೆ ಏನು ಹೇಳಲಿ ಎಂದು ಸಾರ್ ಅವರನ್ನು ಕೇಳಿದೆ. ಅವರು ತಲೆ ಎತ್ತದೆಯೇ ಹೇಳಿದರು: “ಮೊಟ್ಟೆ ಅಂದ್ರೆ ಅರ್ಧ ಊರು ಬಾಗ್ಲು ಹಾಕ್ಕೊಳ್ತದೆ. ಸುಣ್ಣದ ಪುಡಿ ಅನ್ನಿ. ಸುಡುಗಾಡು, ಅದರಲ್ಲಿರೋದು ಸುಣ್ಣಾನೇ ಅಲ್ವೇನ್ರೀ?”

ಹೌದಲ್ಲ ಅನಿಸಿತು. ಅಂದಿನಿಂದ ಅದು ಸುಣ್ಣದ ಪುಡಿ. ಶಮೀಮ ಮಾತ್ರ ಒಪ್ಪಲಿಲ್ಲ. ಬೇಕರಿಯಲ್ಲಿ ಒಂದು ತುಂಡು ಕೇಕ್ ಕೊಳ್ಳಬೇಕಾದರೂ ಅದರಲ್ಲಿ ಏನೇನು ಹಾಕಿದ್ದೀರಿ ಎಂದು ನಾಲ್ಕು ಸಲ ಕೇಳುವ ಗಂಡಸು ನೀವು, ನಿಮಗೆ ಯಾರಾದರೂ ಹೀಗೆ ಮಾಡಿದರೆ ಸುಮ್ಮನಿರುತ್ತೀರಾ ಎಂದು ಕೇಳಿದಳು. ಇದನ್ನು ಯಾರೂ ತಿನ್ನುವುದಿಲ್ಲ, ಹುಳ ತಿನ್ನುತ್ತದೆ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ಆಗ ನನಗೆ ಬಹಳ ಜಾಣತನದ ಉತ್ತರ ಅನಿಸಿತ್ತು.

ಪುಡಿ ಕೆಲಸವನ್ನಂತೂ ಮಾಡುತ್ತಿತ್ತು. ಕುಣಿಗಲ್ಲಿನಲ್ಲಿ ಒಬ್ಬ ಹಾಜಿ ಸಾಹೇಬರ ಮನೆ, ಹದಿನಾಲ್ಕು ಜನರ ಸಂಸಾರ. ಆ ಸಲ ರಂಜಾನ್ ಬಿರುಬೇಸಿಗೆಯಲ್ಲಿ ಬಂದಿತ್ತು. ಇಫ್ತಾರಿನ ಕಲ್ಲಂಗಡಿ ಸಿಪ್ಪೆ, ಕರ್ಬೂಜದ ಸಿಪ್ಪೆ ಎಲ್ಲವನ್ನೂ ದಿನವೂ ಸಂಜೆ ಹಾಗೆಹಾಗೇ ಡ್ರಮ್ಮಿಗೆ ಸುರಿದಿದ್ದರು. ಹತ್ತು ದಿನ ಬಿಟ್ಟು ಹೋದರೆ ಡ್ರಮ್ಮಿನೊಳಗೆ ಕೆರೆ, ಹುಳವೆಲ್ಲ ಮುಚ್ಚಳದಲ್ಲಿ ನೇತಾಡುತ್ತಿವೆ. ಇಷ್ಟು ಯಾಕೆ ಹಾಕಿದಿರಿ ಎಂದರೆ ಹಾಜಿ ಸಾಹೇಬರು ಗಡ್ಡ ನೀವಿಕೊಂಡು, “ಅವೂ ಇಫ್ತಾರ್ ಮಾಡ್ಲಿ ಅಂತ ಬೇಟಾ” ಅಂದರು. ನೀರು ಬಸಿದು, ಎರಡು ಚೀಲ ಒಣ ಎಲೆ ಬೆರೆಸಿ, ಮೇಲೆ ಪುಡಿ ಉದುರಿಸಿದೆ. ವಾರದಲ್ಲಿ ಹುಳ ಕೆಳಗಿಳಿದವು. ಪುಡಿಯ ಮೇಲೆ ನನಗೆ ನಂಬಿಕೆ ಬಂದದ್ದು ಹೀಗೆ. ಎಲ್ಲ ಮನೆಗೂ ಕಣ್ಣು ಮುಚ್ಚಿಕೊಂಡು ಹಾಕತೊಡಗಿದೆ.

ಗುಬ್ಬಿಯ ಗುರುಸಿದ್ದಮ್ಮನವರ ಮನೆ ನನಗೆ ಸಿಕ್ಕಿದ್ದು ಅವರ ಸೊಸೆ ವೀಣಾ ಕಡೆಯಿಂದ. ಮನೆಯವರದು ಹಾರ್ಡ್‌ವೇರ್ ಅಂಗಡಿ, ಮಠಕ್ಕೆ ನಡೆದುಕೊಳ್ಳುವ ಜನ. ವೀಣಾ ಅಡುಗೆಮನೆ ಕಸಕ್ಕೆಂದು ಒಂದು ಡ್ರಮ್ ಹಾಕಿಸಿದಳು. ಗುರುಸಿದ್ದಮ್ಮ ಮೊದಲ ಎರಡು ತಿಂಗಳು ದೂರದಲ್ಲೇ ಕೂತು ನೋಡಿದರು. ಮೂರನೇ ತಿಂಗಳು ಹತ್ತಿರ ಬಂದು, ಹುಳ ಸಾಯಲ್ವಾ, ನಾವು ಹಾಕಿದ್ದು ತಿಂದು ಅವಕ್ಕೆ ಏನಾದರೂ ಆದರೆ ಪಾಪ ಯಾರಿಗೆ ಎಂದು ವಿಚಾರಿಸಿದರು. ಅವರಿಗೆ ಆಗ ಅರವತ್ತರ ಮೇಲಿತ್ತು. ಮಾತು ಮೆತ್ತಗೆ, ಪ್ರಶ್ನೆ ಮಾತ್ರ ನೆಟ್ಟಗೆ.

ಅವರದು ಬೇರೆಯೇ ಚಿಂತೆ. ದಿನಾ ಬೆಳಿಗ್ಗೆ ಲಿಂಗಪೂಜೆ ಆಗದೆ ಅವರು ನೀರೂ ಮುಟ್ಟುವವರಲ್ಲ. ಪೂಜೆ ಮಾಡಿ ತೆಗೆದ ಹೂವು, ಬಿಲ್ವಪತ್ರೆಗಳನ್ನು ಮೊದಲು ಹಿತ್ತಲ ಬಾವಿಗೆ ಹಾಕುತ್ತಿದ್ದರಂತೆ. ಬಾವಿ ಬತ್ತಿ, ಮೇಲೆ ಚಪ್ಪಡಿ ಎಳೆದ ಮೇಲೆ ಅದನ್ನು ಕಸದ ಗಾಡಿಗೇ ಕೊಡಬೇಕಾಯಿತು. ಗಾಡಿಯವನು ಅದನ್ನು ಊರ ಮುಸುರೆಯ ಜೊತೆಗೇ ಸುರಿಯುವುದನ್ನು ಒಂದು ದಿನ ಕಣ್ಣಾರೆ ಕಂಡು, ಅವತ್ತು ಊಟ ಸೇರಲಿಲ್ಲ ಎಂದರು. ಹುಳ ಹೂವು, ಪತ್ರೆ ತಿನ್ನುತ್ತವೆಯೇ ಎಂದು ಕೇಳಿದರು. ಚೆನ್ನಾಗಿ ತಿನ್ನುತ್ತವೆ ಅಂದೆ. ಹಾಗಾದರೆ ದೇವರ ಮನೆಯದಕ್ಕೇ ಒಂದು ಬೇರೆ ಡ್ರಮ್ ಹಾಕಿಕೊಡು, ಅದಕ್ಕೆ ಎಂಜಲು ಮುಸುರೆ ಒಂದಗಳೂ ಬೀಳಕೂಡದು ಎಂದರು.

ಹಾಕಿಕೊಟ್ಟೆ. ವಿಭೂತಿ ಬೀಳಬಾರದು, ಬೂದಿ ಹುಳಕ್ಕಾಗದು ಎಂದು ಹೇಳಿದ್ದನ್ನು ಚಾಚೂ ತಪ್ಪದೆ ನಡೆಸಿದರು. ಒಂದೇ ತೊಂದರೆ. ಸೋಮವಾರ ಸೋಮವಾರ ಅಭಿಷೇಕದ ಹಾಲನ್ನು ಅದಕ್ಕೇ ಹಾಕುತ್ತಿದ್ದರು. ಡ್ರಮ್ ಹುಳಿಯಾಗಿ ಹುಳ ಮುಚ್ಚಳಕ್ಕೆ ಬಂದವು. ಹಾಲು ಹಾಕಬೇಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಪೂಜೆಯ ವಿಷಯ, ನಾನು ಹೇಗೆ ಹೇಳಲಿ ಅನಿಸಿತು. ಹೇಳುವ ಬದಲು ಡಬ್ಬಿ ತೆಗೆದು ಪುಡಿ ಉದುರಿಸಿದೆ. ಅದೇನಪ್ಪಾ ಎಂದರು. ಸುಣ್ಣದ ಪುಡಿ ಅಮ್ಮಾ ಅಂದೆ. ಹುಳ ಕೆಳಗಿಳಿದವು. ಆಮೇಲೆ ಪ್ರತಿ ತಿಂಗಳೂ ಹಾಕಿದೆ.

ಮೊದಲ ಗೊಬ್ಬರ ಇಳಿದಾಗ ಗುರುಸಿದ್ದಮ್ಮ ಅದನ್ನು ಮೂಸಿ ನೋಡಿ, ಮಳೆ ಬಿದ್ದ ಮಣ್ಣಿನ ಹಾಗಿದೆಯಲ್ಲೋ ಎಂದು ಸಂತೋಷಪಟ್ಟರು. ತಮ್ಮ ಕೈಯಾರೆ ಹಿತ್ತಲ ಪತ್ರೆ ಗಿಡದ ಬುಡಕ್ಕೆ ಹಾಕಿದರು. ಸೊರಗಿದ್ದ ಗಿಡ ಒಂದೇ ಮಳೆಗಾಲದಲ್ಲಿ ಮೈತುಂಬಿಕೊಂಡಿತು. ಅವರು ಕಂಡವರಿಗೆಲ್ಲ ನನ್ನನ್ನು ಹೊಗಳಿದರು. ಅವರ ಮಾತಿನ ಮೇಲೆಯೇ ಗುಬ್ಬಿಯಲ್ಲಿ ಹನ್ನೊಂದು ಮನೆಯವರು ದೇವರ ಡ್ರಮ್ ಹಾಕಿಸಿಕೊಂಡರು. “ನಿನ್ನ ಹುಳ ದೇವ್ರ ಕೆಲ್ಸ ಮಾಡ್ತವೆ ಕಣಪ್ಪ” ಎಂದು ಒಮ್ಮೆ ಹೇಳಿದರು. ನಾನು ಹಿಗ್ಗಿ ಹೀರೆಕಾಯಿಯಾದೆ.

ಹೀಗೆ ಒಂದು ವರ್ಷದ ಮೇಲೆ ಕಳೆಯಿತು. ಒಂದು ಗುರುವಾರ ಬಸ್ಸು ಬೇಗ ಸಿಕ್ಕಿ, ಎಂಟು ಗಂಟೆಗೇ ಅವರ ಹಿತ್ತಲಲ್ಲಿದ್ದೆ. ದೇವರ ಮನೆಯ ಕಿಟಕಿ ಹಿತ್ತಲಿಗೇ ತೆರೆಯುತ್ತದೆ. ಗುರುಸಿದ್ದಮ್ಮ ಎಡಗೈ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಕಣ್ಣು ಅರೆಮುಚ್ಚಿ, ಒಂದೊಂದೇ ಪತ್ರೆ ಏರಿಸುತ್ತಿದ್ದರು. ಪತ್ರೆ ಆ ಗಿಡದ್ದು. ಗಿಡ ತಿಂದದ್ದು ಆ ಗೊಬ್ಬರ. ಗೊಬ್ಬರದಲ್ಲಿದ್ದದ್ದು ನನ್ನ ಡಬ್ಬಿ. ಮೊಟ್ಟೆಯನ್ನು ಮನೆಯ ಹೊಸಿಲೊಳಗೂ ತರದ ಹೆಂಗಸಿನ ಅಂಗೈವರೆಗೂ ಅದನ್ನು ತಲುಪಿಸಿದವನು ನಾನು. ಯಾರೂ ತಿನ್ನುವುದಿಲ್ಲ, ಹುಳ ತಿನ್ನುತ್ತದೆ ಎಂದು ಶಮೀಮಳಿಗೆ ಹೇಳಿದ್ದ ಮಾತು ನೆನಪಾಗಿ ನನಗೆ ನನ್ನ ಮೇಲೇ ಅಸಹ್ಯವಾಯಿತು.

ಹೇಳಬೇಕಿತ್ತು. ಹೇಳಲಿಲ್ಲ. ಹನ್ನೊಂದು ಮನೆ ಕಣ್ಣ ಮುಂದೆ ಬಂದವು, ಸಾರ್ ಅವರ ಮುಖ ಬಂತು. ಸಾಬರು ಬೇಕೆಂದೇ ಮೊಟ್ಟೆ ಹಾಕಿದರು ಎಂದರೆ ಏನಾಗಬಹುದು ಎಂಬ ಭಯವೂ ಬಂತು, ಸುಳ್ಳು ಯಾಕೆ ಹೇಳಲಿ. ಮುಂದಿನ ಸಲದಿಂದ ಹಾಕದಿದ್ದರಾಯಿತು ಎಂದುಕೊಂಡೆ. ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಆದರೆ ಡ್ರಮ್ ಮತ್ತೆ ಹುಳಿಯಾಗಿತ್ತು, ಗುರುಸಿದ್ದಮ್ಮ ಪೂಜೆ ಮುಗಿಸಿ ಬಂದು, ಸುಣ್ಣ ಹಾಕಲ್ವೇನಪ್ಪಾ ಎಂದು ಜ್ಞಾಪಿಸಿದರು. ಈಗ ತಂದೆ ಅಮ್ಮಾ ಎಂದು ಪೇಟೆಗೆ ಹೋಗಿ, ಗೋಡೆಗೆ ಬಳಿಯುವ ಸುಣ್ಣದ ಪುಡಿಯನ್ನು ಒಂದು ಪೊಟ್ಟಣ ಕಟ್ಟಿಸಿಕೊಂಡು ಬಂದೆ. ಸುಣ್ಣ ಎಂದು ಹೇಳಿದ್ದೆನಲ್ಲ, ನಿಜವಾದ ಸುಣ್ಣವನ್ನೇ ಹಾಕಿಬಿಟ್ಟರೆ ಸುಳ್ಳು ನಿಜವಾಗುತ್ತದೆ ಎಂದು ನನ್ನ ಲೆಕ್ಕ. ಎರಡು ಹಿಡಿ ಹಾಕಿ ಕೈ ತೊಳೆದುಕೊಂಡೆ.

ಹಬ್ಬಹಬ್ಬಕ್ಕೆ ಮನೆಗೆ ಸುಣ್ಣ ಬಳಿದವನು ನಾನು, ಅದು ಎಷ್ಟು ಸುಡುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಾಬರಿಯಲ್ಲಿ ಬುದ್ಧಿ ಮಂಕಾಗಿತ್ತು.

ಶನಿವಾರ ಕುಣಿಗಲ್ಲಿನಲ್ಲಿದ್ದಾಗ ವೀಣಾ ಫೋನ್ ಮಾಡಿದಳು. ದೇವರ ಡ್ರಮ್ಮಿನ ಹುಳ ಅಷ್ಟೂ ಸತ್ತಿವೆ, ಅತ್ತೆ ನಿನ್ನೆಯಿಂದ ಊಟ ಮಾಡಿಲ್ಲ, ಹಾಲು ಹಾಕಿ ಸಾವಿರ ಜೀವ ಕೊಂದೆ ಎಂದು ಅಳುತ್ತಿದ್ದಾರೆ, ನೀವೊಂದು ಸಲ ಬಂದು ಸಮಾಧಾನ ಹೇಳಿ ಎಂದಳು. ಅವಳ ಧ್ವನಿಯಲ್ಲಿ ನನ್ನ ಮೇಲೆ ಒಂದು ಚೂರೂ ಅನುಮಾನ ಇರಲಿಲ್ಲ. ಅದನ್ನೇ ತಡೆಯಲಾಗಲಿಲ್ಲ.

ಮಾರನೇ ಬೆಳಿಗ್ಗೆ ಗುಬ್ಬಿ ಬಸ್ಸಿನಲ್ಲಿ ಕೂತು ಏನು ಹೇಳಬೇಕೆಂದು ಜೋಡಿಸಿಕೊಂಡೆ. ಸುಣ್ಣ ಜಾಸ್ತಿಯಾಯಿತು, ತಪ್ಪು ನನ್ನದು, ನಿಮ್ಮ ಹಾಲಿನದಲ್ಲ, ಇಷ್ಟು ಹೇಳುವುದು. ಅವರು ಊಟ ಮಾಡುತ್ತಾರೆ. ಮೊಟ್ಟೆಯ ಮಾತು ಎತ್ತುವ ಅಗತ್ಯವೇ ಇಲ್ಲ. ಸುಳ್ಳೂ ಅಲ್ಲ. ಗುಬ್ಬಿ ಬರುವ ಹೊತ್ತಿಗೆ ಈ ಅರ್ಧ ಸತ್ಯ ನನಗೆ ಬಾಯಿಪಾಠವಾಗಿತ್ತು.

ಗುರುಸಿದ್ದಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದರು. ಮುಖ ಬಾಡಿತ್ತು. ಮುಚ್ಚಳ ತೆಗೆದೆ. ಹುಳವೆಲ್ಲ ಬೆಳ್ಳಗೆ, ಬೇಯಿಸಿದ ಶ್ಯಾವಿಗೆಯ ಹಾಗೆ ಬಿದ್ದಿದ್ದವು. ನಾನು ಜೋಡಿಸಿಕೊಂಡದ್ದನ್ನು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

“ಮೊದ್ಲೂ ತಿಂಗ್ಳು ತಿಂಗ್ಳು ಅದೇ ಸುಣ್ಣ ಹಾಕ್ತಿದ್ದಲ್ಲಪ್ಪ. ಆಗ ಯಾಕೆ ಸಾಯ್ಲಿಲ್ಲ?”

ಇದಕ್ಕೆ ಬಸ್ಸಿನಲ್ಲಿ ನಾನು ಉತ್ತರ ಜೋಡಿಸಿಕೊಂಡಿರಲಿಲ್ಲ. ಇನ್ನೊಂದು ಸುಳ್ಳು ಹೇಳಬಹುದಿತ್ತು, ನಾಲಿಗೆಯ ತುದಿಗೂ ಬಂತು. ಅವರು ಎರಡು ದಿನದಿಂದ ಉಪವಾಸ ಇದ್ದಾರೆ ಎಂಬುದು ನೆನಪಾಯಿತು.

“ಅದು ಸುಣ್ಣ ಅಲ್ಲಮ್ಮ. ಮೊಟ್ಟೆ ಸಿಪ್ಪೆ ಪುಡಿ.”

ಅವರು ನನ್ನ ಮುಖ ನೋಡಲಿಲ್ಲ. ಪತ್ರೆ ಗಿಡವನ್ನು ನೋಡಿದರು. ಆಮೇಲೆ ತಮ್ಮ ಎಡಗೈ ಅಂಗೈಯನ್ನು ನೋಡಿಕೊಂಡರು. ಎಷ್ಟು ದಿನದಿಂದ ಎಂದರು. ಒಂದು ವರ್ಷ ಎರಡು ತಿಂಗಳು ಎಂದೆ. ಎದ್ದು ಒಳಗೆ ಹೋದರು. ಬಚ್ಚಲಲ್ಲಿ ನೀರು ಸುರಿದುಕೊಳ್ಳುವ ಸದ್ದು ಬಹಳ ಹೊತ್ತು ಕೇಳಿಸಿತು. ವೀಣಾ ಬಾಗಿಲಲ್ಲಿ ನಿಂತಿದ್ದಳು. ಹೋಗಿ ಎಂದೂ ಹೇಳಲಿಲ್ಲ, ಕೂತುಕೊಳ್ಳಿ ಎಂದೂ ಹೇಳಲಿಲ್ಲ. ನಾನು ಬಿಸಿಲಿನಲ್ಲೇ ನಿಂತಿದ್ದೆ.

ಗುರುಸಿದ್ದಮ್ಮ ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು ಬಂದರು. ಅವರು ಆಡಿದ ಮಾತು ನನಗೆ ಅಕ್ಷರ ಅಕ್ಷರವೂ ನೆನಪಿದೆ.

“ಹುಳ ಸತ್ತಿದ್ದು ನನ್ನಿಂದ ಅಲ್ಲ ಅಂದ್ಯಲ್ಲ, ಅದಕ್ಕೆ ಇವತ್ತು ಊಟ ಮಾಡ್ತೀನಿ. ಈ ಡ್ರಮ್ ತಗೊಂಡು ಹೋಗು. ಮಿಕ್ಕ ಮನೇವ್ರಿಗೆ ನಾನು ಹೇಳಲ್ಲ, ನೀನೇ ಹೇಳ್ಬೇಕು. ಹಾಲು ಹಾಕ್ಬ್ಯಾಡಿ ಅಂತ ಒಂದು ಮಾತು ಅಂದಿದ್ರೆ ಬುಡ್ತಿದ್ದೆ ಕಣಪ್ಪ. ನೀನು ಕೇಳ್ನೇ ಇಲ್ಲ.”

ಆ ಕೊನೆಯ ಮಾತಿಗೆ ನನಗೆ ಅಳು ಬಂತು. ಒಂದು ವರ್ಷ ಎರಡು ತಿಂಗಳು ನಾನು ಮುಚ್ಚಿಟ್ಟದ್ದಕ್ಕೆಲ್ಲ ಒಂದು ಮಾತು ಸಾಕಿತ್ತು. ಅವರಿಗೆ ಕೋಪ ಬರುತ್ತದೆ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಪೂಜೆ ಮಾಡುವವರೆಂದರೆ ಮಾತು ಕೇಳದವರು ಎಂದುಕೊಂಡಿದ್ದೆ.

ಡ್ರಮ್ಮನ್ನು ಆಟೋದಲ್ಲಿ ಹೇರಿಕೊಂಡು ಹೋದೆ. ಮುಂದಿನ ಎರಡು ದಿನ ಹನ್ನೊಂದು ಮನೆಗೂ ಹೋಗಿ ಬಾಯಿ ಬಿಟ್ಟು ಹೇಳಿದೆ. ಏಳು ಮನೆಯವರು ಡ್ರಮ್ ವಾಪಸ್ ಕೊಟ್ಟರು. ಮೂರು ಮನೆಯವರು, ಹೋಗಲಿ, ಇನ್ನು ಹಾಕಬೇಡ ಎಂದರು. ಹನ್ನೊಂದನೇ ಮನೆಯ ಯಜಮಾನ ಬೀದಿಗೆ ಕೇಳುವ ಹಾಗೆ ಕೂಗಾಡಿ, ಬೇಕು ಅಂತಲೇ ಮಾಡಿದೀಯ, ನಿಮ್ಮ ಜನವೇ ಹಿಂಗೆ ಎಂದ. ತಲೆ ತಗ್ಗಿಸಿ ಬಂದೆ. ಆಮೇಲೆ ಗೊತ್ತಾಯಿತು, ಗುರುಸಿದ್ದಮ್ಮ ಅದೇ ಸಂಜೆ ಅವನ ಮನೆಗೆ ನಡೆದು ಹೋಗಿ, ತಪ್ಪು ಮಾಡಿದ, ಅವನೇ ಬಂದು ಹೇಳಿದ, ಅಲ್ಲಿಗೆ ಮುಗೀತು, ಜನದ ಮಾತು ಯಾಕೆ ಎಂದು ಹೇಳಿ ಬಂದಿದ್ದರಂತೆ. ಇದನ್ನು ಅವರು ನನ್ನ ಹತ್ತಿರ ಯಾವತ್ತೂ ಎತ್ತಲಿಲ್ಲ.

ರಂಗಧಾಮಯ್ಯ ಸಾರ್ ಅವರಿಗೆ ಸಿಟ್ಟು ನೆತ್ತಿಗೇರಿತು. ಯಾರಪ್ಪಾ ನಿನ್ನ ಕೇಳಿದ್ರು, ಹುಳ ಸತ್ತವು ಅಂತ ಹೇಳಿ ಬರೋದಲ್ವಾ ಎಂದು ಬೈದರು. ಸುಣ್ಣ ಎನ್ನಲು ಹೇಳಿದವರು ನೀವೇ ಎಂದು ನಾನೂ ತಿರುಗಿಸಿ ಹೇಳಿದೆ. ಹೇಳಿದ ಮೇಲೆ ಅದೂ ಪೂರ್ತಿ ನಿಜವಲ್ಲ ಅನಿಸಿತು. ಅವರು ಹೇಳಿದ್ದು ಒಂದು ಸಲ. ಮನೆಮನೆಗೆ ಹೋಗಿ ಆ ಮಾತು ಆಡಿದ್ದು ನಾನು. ಆವತ್ತೇ ಮನೆಗೆ ಹೋಗಿ ಕೆಂಪು ಪೇಂಟ್ ತೆಗೆದುಕೊಂಡು ಡಬ್ಬಿಯ ಮೇಲೆ ಬರೆದೆ. ಶಮೀಮ ಪಕ್ಕದಲ್ಲಿ ನಿಂತು, ಇನ್ನೂ ದೊಡ್ಡದಾಗಿ ಬರೀರಿ ಅಂದಳು.

ಪತ್ರೆ ಗಿಡದ ವಿಷಯ. ಅದನ್ನು ಕಡಿಯುವ ಹಾಗಿಲ್ಲ, ಬಿಲ್ವವನ್ನು ಅವರು ಕಡಿಯುವುದಿಲ್ಲ. ಬಳಸುವ ಹಾಗೂ ಇಲ್ಲ. ಗುರುಸಿದ್ದಮ್ಮ ದಿನಾ ಬೆಳಿಗ್ಗೆ ದೇವಸ್ಥಾನದ ಮುಂದಿನ ಹೂವಿನವಳ ಹತ್ತಿರಕ್ಕೆ ನಡೆದು ಹೋಗಿ ಪತ್ರೆ ತರತೊಡಗಿದರು. ಅಡುಗೆಮನೆಯ ಡ್ರಮ್ಮನ್ನು ವೀಣಾ ಉಳಿಸಿಕೊಂಡಿದ್ದಳು, ಅದಕ್ಕೆ ಏನೂ ಉದುರಿಸದೆ ನೋಡಿಕೊಂಡೆ. ಹಾಗಾಗಿ ತಿಂಗಳಿಗೊಮ್ಮೆ ಆ ಹಿತ್ತಲಿಗೆ ಹೋಗಲೇಬೇಕಿತ್ತು. ಗಿಡ ಹಚ್ಚಗೆ ಬೆಳೆದು ನಿಂತಿರುತ್ತಿತ್ತು, ಒಂದು ಎಲೆಯನ್ನೂ ಯಾರೂ ಕಿತ್ತಿರುತ್ತಿರಲಿಲ್ಲ. ಗುರುಸಿದ್ದಮ್ಮ ನನ್ನನ್ನು ಮಾತಾಡಿಸುತ್ತಿದ್ದರು, ಕಾಫಿ ಕೊಡಿಸುತ್ತಿದ್ದರು. ಹೊರಗೆ ಬರುವಾಗ ನಾನು ಆ ಗಿಡದ ಕಡೆ ನೋಡದೆ ಬರುವುದನ್ನು ಕಲಿತೆ.

ಒಂದು ಮಳೆಗಾಲ ಪೂರ್ತಿ ಹೋಗಿ ಇನ್ನೊಂದು ಮಳೆಗಾಲ ಮುಗಿದ ಮೇಲೆ ಅವರೇ ಕರೆಸಿದರು. ಎರಡು ಮಳೆಗಾಲ ಗಿಡದ ಬುಡ ತೊಳೆದಿದೆ, ದೇವರ ಡ್ರಮ್ ಇನ್ನೊಂದು ಸಲ ಹಾಕು, ಆದರೆ ನಾನು ಪಕ್ಕದಲ್ಲಿ ನಿಂತಿರುತ್ತೇನೆ, ಏನೇನು ಹಾಕುತ್ತೀಯೋ ಒಂದೊಂದನ್ನೂ ಹೆಸರು ಹೇಳಿ ಹಾಕಬೇಕು ಎಂದರು. ಹಾಗೆಯೇ ಮಾಡಿದೆ. ನಾರಿನ ಪುಡಿ ಅಮ್ಮಾ, ಎಂದು ಹಾಕಿದೆ. ಒಣ ಎಲೆ. ಹಳೇ ಸಗಣಿ. ಹುಳ. ಅವರು ಕೈಕಟ್ಟಿ ನಿಂತು ಕೇಳಿಸಿಕೊಂಡು, “ಇನ್ನೇನೂ ಇಲ್ವಾ?” ಎಂದರು. ಇನ್ನೇನೂ ಇಲ್ಲಮ್ಮ ಎಂದೆ. ಅವರು ಗಿಡದ ಹತ್ತಿರ ಹೋಗಿ ಮೂರೆಲೆಯ ಒಂದು ದಳ ಕಿತ್ತು, ಕಣ್ಣಿಗೊತ್ತಿಕೊಂಡು ಒಳಗೆ ಹೋದರು. ಅಭಿಷೇಕದ ಹಾಲು ಆಮೇಲೆ ಯಾವತ್ತೂ ಆ ಡ್ರಮ್ಮಿಗೆ ಬೀಳಲಿಲ್ಲ. ಅದು ಮತ್ತೆ ಹುಳಿಯಾಗಲೂ ಇಲ್ಲ.

ಅಲ್ಲಿಂದ ಮುಂದೆ ಎಷ್ಟೋ ವರ್ಷ, ಪ್ರತಿ ತಿಂಗಳೂ ಅದೇ. ನಾನು ಹೆಸರು ಹೇಳುವುದು, ಅವರು ಆ ಪ್ರಶ್ನೆ ಕೇಳುವುದು. ಇನ್ನೂ ನನ್ನ ಮೇಲೆ ನಂಬಿಕೆ ಬಂದಿಲ್ಲವೇ ಎಂದು ಮೊದಮೊದಲು ಚುಚ್ಚುತ್ತಿತ್ತು. ಆಮೇಲೆ ಅಭ್ಯಾಸವಾಗಿ, ಬೇರೆ ಮನೆಗಳಲ್ಲೂ ಯಾರೂ ಕೇಳದಿದ್ದರೂ ಹೆಸರು ಹೇಳಿಯೇ ಹಾಕತೊಡಗಿದೆ. ಕುಣಿಗಲ್ಲಿನ ಹಾಜಿ ಸಾಹೇಬರು, ಏನ್ ಮಂತ್ರ ಹೇಳ್ತೀಯೋ ಎಂದು ಗೇಲಿ ಮಾಡುತ್ತಿದ್ದರು. ಪುಡಿಯ ಡಬ್ಬಿ ತೆಗೆದಾಗ ಮೊಟ್ಟೆ ಸಿಪ್ಪೆ ಎಂದೇ ಹೇಳುತ್ತಿದ್ದೆ. ಬೇಡ ಎಂದವರಿಗೆ ಇಲ್ಲ. ಸಾರ್ ಹೆದರಿದ್ದ ಹಾಗೆ ಅರ್ಧ ಊರೇನೂ ಬಾಗಿಲು ಹಾಕಿಕೊಳ್ಳಲಿಲ್ಲ. ಹೆಚ್ಚಿನವರು, ಬೇಡಪ್ಪ, ಬೇರೆ ಏನಿದೆ ಎಂದು ಕೇಳುತ್ತಿದ್ದರು ಅಷ್ಟೆ. ಹುಳಿ ಯಾಕಾಯಿತು ಎಂದು ನೋಡಿ ಅದನ್ನು ನಿಲ್ಲಿಸಿ ಎನ್ನುತ್ತಿದ್ದೆ.

ಕೆಲಸದ ಕೊನೆಯ ಗುರುವಾರ ಗುಬ್ಬಿಗೆ ಹೋದೆ. ಬೇಗ ಹೋಗಿದ್ದೆ. ಗುರುಸಿದ್ದಮ್ಮನವರಿಗೆ ಈಗ ಮಂಡಿ ನೋವು, ಹಿತ್ತಲಿಗೆ ಬರುವುದು ಕಷ್ಟ. ಅತ್ತೆ ಪೂಜೆಗೆ ಕೂತಿದ್ದಾರೆ, ನೀವು ನೋಡಿಕೊಂಡು ಹೋಗಿ ಎಂದು ಹೇಳಿ ವೀಣಾ ಅಂಗಡಿಗೆ ಹೊರಟುಹೋದಳು. ಹಿತ್ತಲಲ್ಲಿ ನಾನೊಬ್ಬನೇ. ಗೊಬ್ಬರ ತೆಗೆದು ಗಿಡದ ಬುಡಕ್ಕೆ ಹಾಕಿದೆ, ಡ್ರಮ್ ಹೊಸದಾಗಿ ತುಂಬಲು ಕೂತೆ. ಕೇಳುವವರು ಯಾರೂ ಇರಲಿಲ್ಲ. ಆದರೂ ಹೆಸರು ಹೇಳಿಕೊಂಡೇ ಹಾಕಿದೆ. ನಾರಿನ ಪುಡಿ. ಒಣ ಎಲೆ. ಹಳೇ ಸಗಣಿ. ಹುಳ. ಕೈ ಒರೆಸಿಕೊಂಡು ಮುಚ್ಚಳ ಎತ್ತಿಕೊಂಡೆ.

ದೇವರ ಮನೆಯ ಕಿಟಕಿಯಿಂದ ಧ್ವನಿ ಬಂತು.

“ಇನ್ನೇನೂ ಇಲ್ವಾ?”

“ಇನ್ನೇನೂ ಇಲ್ಲಮ್ಮ” ಎಂದೆ. ಒಳಗೆ ಗಂಟೆ ಅಲುಗಿತು. ನಾನು ಮುಚ್ಚಳ ಹಾಕಿದೆ.